ನೆಲ ಬಿಡದ ವಿಮಾನ

ಸಂಕಪ್ಪನವರ ನಾಲಿಗೆ ಜಾರಿದ್ದು ಪುಣೆಯ ಕೊಂಢವಾದಲ್ಲಿ, ಬೀಗರ ಮನೆಯ ಹೋಳಿಗೆ ತಿನ್ನುವಾಗ. ಮಗ ಅಕ್ಷಯನಿಗೆ ಹೆಣ್ಣು ಗೊತ್ತುಮಾಡಲು ಹೋಗಿದ್ದರು. ಹುಡುಗಿಯ ತಂದೆ ಚಲುವರಾಜು ಸುಮ್ಮನೆ ಮಾತಿಗೆಂದು, "ಊರಿಗೆ ಹೋಗೋದು ಬಸ್ಸಲ್ಲೋ ರೈಲಲ್ಲೋ ಬೀಗ್ರೇ?" ಎಂದು ಕೇಳಿದರು. ಬಾಯಲ್ಲಿ ಹೋಳಿಗೆ, ಎದುರಿಗೆ ಹೊಸ ಸಂಬಂಧ.

"ಬಸ್ಸಾ? ಈ ವಯಸ್ಸಲ್ಲಿ ಸೊಂಟ ಯಾರು ಮುರ್ಕೊಳ್ತಾರೆ ಮಾರಾಯ್ರೆ? ನಮ್ಮದೆಂತಿದ್ರೂ ವಿಮಾನವೇ," ಎಂದುಬಿಟ್ಟರು ಸಂಕಪ್ಪ.

ಚಲುವರಾಜು ಸೋಲಲಿಲ್ಲ. "ನಮ್ದೂ ಅಷ್ಟೇ ಕಣ್ರೀ. ಬಸ್ಸಿನ ವಾಸನೇನೇ ಮರೆತುಹೋಗಿದೆ," ಎಂದರು.

ನಿಜ ಸಂಗತಿ ಬೇರೆಯೇ ಇತ್ತು. ಪುಣೆಯ ಏರ್‌ಪೋರ್ಟಿನ ಪಕ್ಕದ ಬಡಾವಣೆ ವಿಮಾನ ನಗರದಲ್ಲಿ ಹೋಟೆಲು ಇಟ್ಟು ಸಂಕಪ್ಪನವರ ಕೂದಲು ನೆರೆತಿತ್ತು. ತಲೆಯ ಮೇಲೆ ಹೋಗುವ ಸದ್ದು ಕೇಳಿಯೇ ಯಾವುದು ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ಹೇಳಬಲ್ಲರು. ಪೈಲಟ್ಟುಗಳಿಗೆ ಸಾಂಬಾರಲ್ಲಿ ಮುಳುಗಿಸಿದ ವಡೆ ಕೊಟ್ಟಿದ್ದಾರೆ. ಆದರೆ ವಿಮಾನದೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಎರಡನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ನೋಡಬೇಕಾದರೂ ಎರಡು ಕೈಯಲ್ಲೂ ಕಂಬಿ ಹಿಡಿದುಕೊಳ್ಳುತ್ತಿದ್ದರು. ಊರಿಗೆ ಹೊರಟಾಗೆಲ್ಲ ನೆರೆಯವರ ಮುಂದೆ "ಏರ್‌ಪೋರ್ಟು" ಎಂದು ಗಟ್ಟಿಯಾಗಿ ಹೇಳಿ ರಿಕ್ಷಾ ಹತ್ತುತ್ತಿದ್ದರು. ಬೀದಿಯ ಮೂಲೆ ದಾಟಿದ ಮೇಲೆ ರಿಕ್ಷಾ ಬಸ್ಸಿನ ಕಡೆಗೆ ತಿರುಗುತ್ತಿತ್ತು. ಈ ಗುಟ್ಟು ಗೊತ್ತಿದ್ದದ್ದು ಹೆಂಡತಿ ಪ್ರೇಮಾವತಿಗೆ ಮಾತ್ರ.

ಆಡಿದ ಸುಳ್ಳು ಮೊಳಕೆಯೊಡೆಯಿತು. ಸಂಕಪ್ಪನವರ ಊರಿನ ಮನೆದೇವರಿಗೆ ಎರಡೂ ಕುಟುಂಬ ಕೂಡಿ ಪೂಜೆ ಕೊಡಬೇಕೆಂದು ಮಾತಾದಾಗ ಚಲುವರಾಜು ತಾವೇ ಮುಂದಾಗಿ ಎಲ್ಲರಿಗೂ ವಿಮಾನದ ಟಿಕೆಟು ತೆಗೆಸಿದರು. ಪುಣೆಯಿಂದ ಬೆಂಗಳೂರು. ಅಲ್ಲಿ ಇಳಿದು, ಮತ್ತೆ ಹತ್ತಿ, ಮಂಗಳೂರು. ಒಂದೇ ಸಾವು, ಅದೂ ಎರಡು ಕಂತಿನಲ್ಲಿ. ಹೊರಡುವುದು ನಾಳೆ ಬೆಳಿಗ್ಗೆ.

ಹೊಸ ಬೀಗರ ಮುಂದೆ ವಿಮಾನದ ಬಾಗಿಲಲ್ಲಿ ಕೂತು ಅಳುವಂತಾದರೆ ಮಾನ ಉಳಿಯುವುದೇ? ಮಗನ ಮದುವೆ ಮಂಟಪದಲ್ಲೂ ಜನ ಅದನ್ನೇ ಹೇಳಿ ನಗುವರು. ಹೀಗೆ ಯೋಚಿಸುತ್ತಿದ್ದ ಸಂಕಪ್ಪನವರ ಕಣ್ಣು ಹಾಲಿನ ಮೂಲೆಯಲ್ಲಿದ್ದ ಹೊಸ ಕಂಪ್ಯೂಟರಿನ ಮೇಲೆ ಬಿತ್ತು. ಅಕ್ಷಯ ಅದನ್ನು ತಂದದ್ದೇ ವಿಮಾನ ಹಾರಿಸುವ ಆಟಕ್ಕೆ. ತಂದು, ಆಟ ತುಂಬಿಸಿಟ್ಟು, ಆಫೀಸಿನ ಕೆಲಸವೆಂದು ಬೆಂಗಳೂರಿಗೆ ಹೋಗಿದ್ದ. ಅವನು ನಾಳೆ ಅಲ್ಲಿಂದಲೇ ಜೊತೆಗೂಡುವವನು. ಹೊಳೆಗೆ ಇಳಿಯುವ ಮೊದಲು ಕೆರೆಯಲ್ಲಿ ಈಜು ಕಲಿತಂತೆ, ಇವತ್ತೊಂದು ದಿನ ಇದರಲ್ಲಿ ಹತ್ತಾರು ಸಲ ಹಾರಿಬಿಟ್ಟರೆ ಹೆದರಿಕೆ ಸವೆದೀತು ಎಂದುಕೊಂಡರು.

ಕಂಪ್ಯೂಟರು ಬಂದ ದಿನವೇ ಪ್ರೇಮಾವತಿ ಹೊಸ ವಾಹನಕ್ಕೆ ಮಾಡುವ ಪೂಜೆಯನ್ನೆಲ್ಲ ಅದಕ್ಕೂ ಮಾಡಿದ್ದರು. ಪರದೆಯ ಪಕ್ಕದ ದೊಡ್ಡ ಕರಿಯ ಡಬ್ಬಕ್ಕೆ ಅಂಗಡಿಯ ಪ್ಲಾಸ್ಟಿಕ್ಕು ಹಾಗೇ ಇತ್ತು, ಹೊಸತನ ಹೋಗಬಾರದಲ್ಲ. ಅದರ ಮೇಲೆ ದೇವರ ಪೀಠಕ್ಕೆ ಹೊದಿಸುವ ಜರಿಯಂಚಿನ ವಸ್ತ್ರ, ವಸ್ತ್ರದ ಮೇಲೆ ಅರಿಶಿನ ಕುಂಕುಮ, ಸುತ್ತಲೂ ತೋಳು ಗಾತ್ರದ ಸೇವಂತಿಗೆ ಹಾರ. ದಿನವೂ ಹಳೆಯದು ತೆಗೆದು ಹೊಸದು ಹಾಕುತ್ತಿದ್ದರು. ಆ ಡಬ್ಬ ಈಗ ಅಲಂಕಾರ ಮುಗಿಸಿ ಮಂಗಳಾರತಿಗೆ ಕಾದ ದೇವರಂತಿತ್ತು.

ಅಂದೇ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ಗಂಧವಿಟ್ಟು, ಸಂಕಪ್ಪ ಜಾಯ್‌ಸ್ಟಿಕ್ಕು ಹಿಡಿದರು. ಇಂಜಿನ್ನು ಗುಡುಗಿತು. ವಿಮಾನ ರನ್‌ವೇಯ ಮೇಲೆ ಓಡಿತು.  ಮೂಗು ಮೇಲೆದ್ದಿತು, ಇನ್ನೇನು ಚಕ್ರ ನೆಲ ಬಿಡಬೇಕು...

ನಿಂತಿತು. ಮೊದಲ ದೋಸೆ ಕಾವಲಿಗೆ ಕಚ್ಚಿಕೊಂಡಂತೆ ವಿಮಾನ ನೆಲಕ್ಕೆ ಕಚ್ಚಿಕೊಂಡಿತು. ಚಿತ್ರ ಅಲುಗದು. "ಗುಂಯ್" ಎಂಬ ಒಂದೇ ಸ್ವರ, ಶ್ರುತಿಪೆಟ್ಟಿಗೆಯ ಕೀಲಿ ಸಿಕ್ಕಿಕೊಂಡ ಹಾಗೆ.

ಮತ್ತೆ ಮಾಡಿದರು. ಮತ್ತೆ ಅಲ್ಲೇ. ಇನ್ನೊಮ್ಮೆ. ಅಲ್ಲೇ. ಸಂಕಪ್ಪನವರ ಹಣೆಯ ಗಂಧ ಬೆವರಿಗೆ ಕರಗಿ ಮೂಗಿಗಿಳಿಯಿತು.

"ಪ್ರೇಮಾ, ಇದು ಅಪಶಕುನ ಅಲ್ವಾ? ಸರಿಯಾಗಿ ಏಳುವ ಹೊತ್ತಿಗೇ ನಿಲ್ತದಲ್ಲ ಮಾರಾಯ್ತಿ."

"ಆಟದ್ದು ನಿಂತರೆ ಎಂತ? ನಾಳೆಯದ್ದು ನಿಲ್ಲದಿದ್ರೆ ಸಾಕು," ಎಂದರು ಪ್ರೇಮಾವತಿ, ಹೊಸ ಸೀರೆಗೆ ಇಸ್ತ್ರಿ ಹಾಕುತ್ತ. ಅವರಿಗೆ ಹೆದರಿಕೆ ಎಂಬುದೇ ಇರಲಿಲ್ಲ. ಕಿಟಕಿ ಪಕ್ಕದ ಸೀಟು ಬೇಕೆಂದು ಆಗಲೇ ಹೇಳಿಯಾಗಿತ್ತು.

ಸಂಕಪ್ಪ ಮಗನಿಗೆ ಫೋನು ಮಾಡಿದರು. "ಅಪ್ಪ, ಆಫ್ ಮಾಡಿ ಆನ್ ಮಾಡಿ. ನಾನು ಮೀಟಿಂಗಲ್ಲಿದ್ದೇನೆ," ಎಂದ ಅಕ್ಷಯ. ಆಫ್ ಮಾಡಿದರು, ಆನ್ ಮಾಡಿದರು. ವಿಮಾನ ಓಡಿತು, ಏಳಲಿಕ್ಕೆ ಹೊರಟಿತು, ಗುಂಯ್.

ಆ ಗುಂಯ್‌ಕಾರ ಗೋಡೆ ದಾಟಿ ಪಕ್ಕದ ಮನೆಯ ಕಾಶಪ್ಪನವರ ಕಿವಿಗೆ ಬಿತ್ತು. ವಿಜಯಪುರದ ಕಡೆಯವರು. ಬಾರಾಮತಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆದು ನಿವೃತ್ತರಾದವರು. ಎಲ್ಲಿ ಏನು ಕೆಟ್ಟರೂ ಅಲ್ಲಿ ಹಾಜರು.

"ಏನ್ರಿ ಸಂಕಪ್ಪಣ್ಣಾರ, ಮುಂಜಾನಿಂದ ಗುಂಯ್ ಅನ್ಲಿಕ್ಕ ಹತ್ತೀರಿ? ಜೇನುಗೂಡು ಸಾಕೀರೇನು?"

"ಎಂತ ಇಲ್ಲ ಕಾಶಪ್ಪಣ್ಣ. ಮಗನ ಆಟ. ನಿಂತು ನಿಂತು ಹೋಗ್ತದೆ."

"ಆಟ ಅಲ್ಲೇನ್ರಿ, ನಾಳಿ ನೋಡಿದ್ರಾತು."

"ಇಲ್ಲ, ಇವತ್ತೇ ಆಗ್ಬೇಕು!"

ಸಂಕಪ್ಪನವರ ದನಿ ಎಷ್ಟು ಜೋರಾಯಿತೆಂದರೆ, ಕಾಶಪ್ಪ ಚಪ್ಪಲಿ ಬಿಟ್ಟು ಒಳಗೇ ಬಂದರು. ಹಾರ ಹಾಕಿದ ಡಬ್ಬಕ್ಕೆ ಕೈಮುಗಿದು ಪರದೆಯ ಮುಂದೆ ಕೂತರು. ಒಂದು ಸಲ ಓಡಿದ್ದು ನೋಡಿ, "ತಿಳೀತು," ಎಂದರು. "ಹಿಂದ ಲೋಡ್ ಕಡಿಮಿ, ಮುಂದ ಭಾರ. ಕಬ್ಬಿನ ಗಾಡಿ ಏರು ಹತ್ತೂ ಮುಂದ ನಾವು ಏನ್ ಮಾಡ್ತಿದ್ವಿ ಗೊತ್ತದೇನು? ಎಲ್ಲಾರೂ ಹಿಂದ ವಾಲ್ತಿದ್ವಿ. ಪ್ರೇಮಕ್ಕಾ, ನೀವೂ ಬರ್ರಿ."

ವಿಮಾನ ಓಡಿತು. "ಈಗ! ವಾಲ್ರಿ!" ಎಂದು ಕಾಶಪ್ಪ ಕೂಗಿದರು. ಮೂವರೂ ಹಿಂದಕ್ಕೆ ವಾಲಿದರು. ವಿಮಾನ ನಿಂತಿತು. ಸಂಕಪ್ಪನವರ ಕುರ್ಚಿ ಮಾತ್ರ ನಿಲ್ಲದೆ ಅಂಗಾತ ಬಿತ್ತು.

ಸದ್ದಿಗೆ ಮೆಟ್ಟಿಲಿನಿಂದ ಯಾರೋ ಏನಾಯಿತೆಂದು ಮರಾಠಿಯಲ್ಲಿ ಕೇಳಿದರು: "ಕಾಯ್ ಝಾಲಂ ಕಾಕಾ?"

"ವಿಮಾನ್ ಅಡಕಲಂ!" ಎಂದು ಕಾಶಪ್ಪ ಕೂಗಿ ಹೇಳಿದರು. ವಿಮಾನ ಸಿಕ್ಕಿಕೊಂಡ ಸುದ್ದಿ ಮಹಡಿ ಮಹಡಿಗೂ ಹರಡಿತು. ಮೇಲಿನ ಮನೆಯಲ್ಲಿ ರಜೆ ಹಾಕಿ ಮಲಗಿದ್ದ ಬೆಂಗಳೂರಿನ ಶ್ರೀನಾಥನನ್ನು ಕಾಶಪ್ಪನವರೇ ಹೋಗಿ ಎಬ್ಬಿಸಿ ತಂದರು. ಸಾಫ್ಟ್‌ವೇರಿನವನಲ್ಲವೇ.

ಶ್ರೀನಾಥ ಕಣ್ಣುಜ್ಜುತ್ತ ನೋಡಿದ. "ಸಿಂಪಲ್ ಇಶ್ಯೂ ಅಂಕಲ್. ಗ್ರಾಫಿಕ್ಸ್ ಡ್ರೈವರ್ ಹಳೇದಿರುತ್ತೆ."

ಕಾಶಪ್ಪನವರ ಮುಖ ಬಿಗಿಯಿತು. "ಹಳೇ ಡ್ರೈವರ್ ಅಂದ್ರ ಏನ್ ಕಡಿಮಿ ಅಂತ ತಿಳದೀ?"

"ನಿಮಗಲ್ಲ ಅಂಕಲ್, ಕಂಪ್ಯೂಟರಿಗೆ ಹೇಳಿದ್ದು. ಇರಿ, ಆ ಬಾಕ್ಸ್ ಒಂದ್ಸಲ ಓಪನ್ ಮಾಡಿ ನೋಡ್ತೀನಿ." ಅವನ ಕೈ ಜರಿಯಂಚಿನ ವಸ್ತ್ರದ ಕಡೆ ಚಾಚಿತು.

"ಸ್ನಾನ ಆಗಿದೆಯಾ?" ಎಂದರು ಪ್ರೇಮಾವತಿ.

ಆಗಿರಲಿಲ್ಲ. ಕೈ ಹಿಂದಕ್ಕೆ ಬಂತು.

ಮತ್ತೆ ಯಾರೂ ಡಬ್ಬದ ತಂಟೆಗೆ ಹೋಗಲಿಲ್ಲ. ಅದನ್ನೊಂದು ಬಿಟ್ಟು ಮನೆಯಲ್ಲಿದ್ದದ್ದನ್ನೆಲ್ಲ ಪರೀಕ್ಷಿಸಿದರು. ಶ್ರೀನಾಥ ಡ್ರೈವರ್ ಹೊಸದು ಹಾಕಿದ. ಕಾಶಪ್ಪ ವಯರುಗಳನ್ನೆಲ್ಲ ಬಿಚ್ಚಿ, ಊದಿ, ಸಿಕ್ಕಿಸಿದರು. ವಿಮಾನ ಓಡಿತು, ನಿಂತಿತು. ಕಡೆಗೆ ಶ್ರೀನಾಥ ಆಟವನ್ನು ಪೂರ್ತಿ ಅಳಿಸಿ ಮೊದಲಿನಿಂದ ಇಳಿಸಲು ಹಚ್ಚಿದ. ಡೌನ್‌ಲೋಡು ತೋರಿಸುವ ಹಸಿರು ಗೆರೆಯೊಂದು ಬಸುರಿ ನಡೆದಂತೆ ಮೆಲ್ಲಗೆ ಮುಂದೆ ಸಾಗಿತು.

ಮಧ್ಯಾಹ್ನ ಸಂಕಪ್ಪ ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದರು. ತಲೆಯ ಮೇಲೆ ಒಂದೊಂದು ವಿಮಾನ ಹೋದಾಗಲೂ ಕಿಟಕಿಯ ಗಾಜು ನಡುಗುತ್ತಿತ್ತು, ಜೊತೆಗೆ ಇವರೂ. ಹೋಟೆಲಿನಿಂದ ಮ್ಯಾನೇಜರ್ ಫೋನು ಮಾಡಿ, ಚಟ್ನಿಗೆ ಕಾಯಿ ಸಾಲದು ಎಂದ. "ನಾನೇ ಸಾಲ್ತಾ ಇಲ್ಲ ಮಾರಾಯ, ಕಾಯಿದ್ದು ನೀನು ನೋಡು," ಎಂದು ಇಟ್ಟುಬಿಟ್ಟರು. ಇನ್ನು ಉಳಿದದ್ದು ಸಂಜೆಯೊಂದೇ. ಒಮ್ಮೆ, ಬರೀ ಒಮ್ಮೆ ನೆಲ ಬಿಟ್ಟು ಏಳುವ ಅನುಭವ ಆಗಿಬಿಟ್ಟರೆ! ಮನಸ್ಸಿನಲ್ಲೇ ಗಣಪತಿಗೆ ಅಪ್ಪ ಕಜ್ಜಾಯದ ಹರಕೆ ಹೇಳಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಹಸಿರು ಗೆರೆ ದಡ ಸೇರಿತು. ಪ್ರೇಮಾವತಿ ವಾಡಿಕೆಯಂತೆ ಡಬ್ಬದ ಬಾಡಿದ ಹಾರ ತೆಗೆದರು. ವಸ್ತ್ರವೂ ಕುಂಕುಮವಾಗಿತ್ತೆಂದು ಒಗೆಯಲು ಎಳೆದುಕೊಂಡರು. ಅದರೊಂದಿಗೆ ಹಳೆಯ ಪ್ಲಾಸ್ಟಿಕ್ಕೂ ಹರಿದು ಬಂತು. "ಅಯ್ಯೋ ದೇವರೇ, ಜ್ವರ ಬಂದವರ ಹಣೆ ಹಾಗೆ ಸುಡ್ತಾ ಉಂಟಲ್ಲ ಇದು," ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲೆ. ಅವರು ಹೊಸ ಹಾರ ಕಟ್ಟಲು ಒಳಗೆ ಹೋದರು.

ಬಟ್ಟೆ ಬಿಚ್ಚಿದ ಡಬ್ಬ ನಿಟ್ಟುಸಿರು ಬಿಟ್ಟಿತು.

ವಿಮಾನ ಓಡಿತು. ಮೂಗು ಎದ್ದಿತು. ಮೂವರೂ ಉಸಿರು ಹಿಡಿದರು. ಚಕ್ರ ನೆಲ ಬಿಟ್ಟಿತು! ಕಟ್ಟಡಗಳು ಕೆಳಗೆ ಜಾರಿದವು, ಬೀದಿಗಳು ಶಾವಿಗೆಯ ಎಳೆಯಾದವು, ಇಡೀ ಪುಣೆ ತಟ್ಟೆಯಲ್ಲಿ ಬಡಿಸಿಟ್ಟಂತೆ ಕಂಡಿತು.

"ಹೇಳಿದ್ನಿಲ್ಲೇನು? ವಯರ್ ಊದಿದ್ದಕ್ಕ ಆತು!" ಕಾಶಪ್ಪ ತೊಡೆ ತಟ್ಟಿದರು.

"ರೀಇನ್‌ಸ್ಟಾಲ್ ಮಾಡಿದ್ದಕ್ಕೆ ಅಂಕಲ್," ಎಂದ ಶ್ರೀನಾಥ.

  ಕುರ್ಚಿ ನೆಲದ ಮೇಲಿದೆ ಎಂದು ಗೊತ್ತಿದ್ದೂ ಸಂಕಪ್ಪ ಕಾಲ್ಬೆರಳಿನಿಂದ ಹಾಸುಗಲ್ಲನ್ನು ಒತ್ತಿ ನೋಡಿಕೊಂಡರು. ಬೆಳಗಿನಿಂದ ಏರಲಿ ಏರಲಿ ಎಂದು ಹರಕೆ ಹೊತ್ತವರಿಗೆ ಈಗ ಇಳಿದರೆ ಸಾಕಾಗಿತ್ತು.

"ಶ್ರೀನಾಥ, ಇದನ್ನು ಕೆಳಗಿಳಿಸೋದು ಹೇಗೆ?"

"ಲ್ಯಾಂಡಿಂಗಾ? ಅದು ಟಫ್ ಅಂಕಲ್. ಹೊಸಬರು ಮಾಡಿದ್ರೆ ಹೆಚ್ಚಾಗಿ ಕ್ರ್ಯಾಶೇ."

ಅದೇ ಕ್ಷಣ ಫೋನು ರಿಂಗಾಯಿತು. ಚಲುವರಾಜು. ಸಂಕಪ್ಪನವರ ಎರಡು ಕೈಯೂ ಜಾಯ್‌ಸ್ಟಿಕ್ಕಿಗೆ ಅಂಟಿದ್ದವು. ಕಾಶಪ್ಪ ಫೋನು ಎತ್ತಿ, ಸ್ಪೀಕರ್ ಒತ್ತಿ, ಅವರ ಮುಖದ ಮುಂದೆ ಹಿಡಿದರು.

"ಬೀಗ್ರೇ, ಒಂದ್ ಮಾತು. ತಪ್ಪು ತಿಳೀಬೇಡಿ." ಚಲುವರಾಜು ದನಿ ಸಣ್ಣದಾಗಿತ್ತು. "ಅವತ್ತು ನಾನು ದೊಡ್ಡದಾಗಿ ಹೇಳಿಬಿಟ್ಟೆ. ನಿಜ ಹೇಳ್ಬೇಕೂಂದ್ರೆ ನಮ್ಮನೇಲಿ ಯಾರೂ ವಿಮಾನ ಹತ್ತಿಲ್ಲ ಕಣ್ರೀ. ನನ್ ಹೆಂಡ್ತಿ ಸರೋಜಮ್ಮ ಬೆಳಿಗ್ಗೆಯಿಂದ ಊಟ ಬಿಟ್ಟು ದೇವರ ಮುಂದೆ ಕೂತವಳೆ. ನಂಗೂ ಕೈಕಾಲು ಆಡ್ತಿಲ್ಲ. ಟಿಕೆಟ್ ಹಾಳಾಗೋಗ್ಲಿ. ನೀವು ಹೂಂ ಅಂದ್ರೆ... ಬಸ್ಸಲ್ಲೇ ಹೋಗೋಣ್ವಾ?"

ಬರಬಿದ್ದ ಭೂಮಿಗೆ ಮೊದಲ ಹನಿ ಬಿದ್ದಂತಾಯಿತು ಸಂಕಪ್ಪನವರಿಗೆ. ಗಣಪತಿ ಕೇಳಿದ! ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟ! ಕಣ್ಣು ತುಂಬಿ ಬಂತು. "ಹೂಂ" ಎನ್ನಲು ಬಾಯಿ ತೆರೆದರು. ಸ್ವರ ಹೊರಡಲು ಒಂದು ಗಳಿಗೆ ತಡವಾಯಿತು.

ಆ ಗಳಿಗೆಯಲ್ಲಿ ಕಾಶಪ್ಪ ನುಗ್ಗಿದರು. "ಏ, ಅಂಜಬ್ಯಾಡ್ರಿ ಬೀಗ್ರ! ನಾ ಬಾಜೂ ಮನಿ ಕಾಶಪ್ಪ ಮಾತಾಡೂದು. ನಮ್ಮ ಸಂಕಪ್ಪಣ್ಣಾರು ಇರೂ ಮುಂದ ನಿಮಗ್ಯಾಕ ಚಿಂತಿ? ನಾವು ಇವರನ್ನ ಇಷ್ಟು ವರ್ಷದಿಂದ ನೋಡೇವಿ, ಊರಿಗೆ ಹೊಂಟ್ರು ಅಂದ್ರ ಏರ್‌ಪೋರ್ಟೇ. ಬಸ್ಸು ಅಂದ್ರ ಮುಖ ಗಂಟ್ ಹಾಕ್ತಾರ!"

"ಹೌದು ಅಂಕಲ್," ಶ್ರೀನಾಥನೂ ಬಗ್ಗಿದ, "ಈಗ್ತಾನೆ ನಮ್ಮೆದುರಿಗೇ ಟೇಕಾಫ್ ಮಾಡಿದ್ರು. ಕೈ ಒಂಚೂರೂ ನಡುಗಲಿಲ್ಲ. ಪಕ್ಕಾ ಪೈಲಟ್."

"ಹಾಗಲ್ಲ ಚಲುವರಾಜು ಅವರೇ, ಬಸ್ಸು..." ಎಂದರು ಸಂಕಪ್ಪ.

"ಬಸ್ಸು ಬೇಡಾಂತೀರಾ? ಗೊತ್ತಾಯ್ತು ಬಿಡಿ ಬೀಗ್ರೇ, ಗೊತ್ತಾಯ್ತು!" ಚಲುವರಾಜು ದನಿಗೆ ಜೀವ ಬಂದಿತ್ತು. "ಏ ಸರೋಜಾ, ಏಳೇ, ಊಟ ಮಾಡು! ನೀವಿದ್ದೀರಲ್ಲ, ಅಷ್ಟು ಸಾಕು. ಒಂದ್ ಕೆಲಸ ಮಾಡಣ. ನೀವು ನಡುವೆ ಕೂತ್ಕಳಿ. ಆ ಕಡೆ ಸರೋಜಮ್ಮ, ಈ ಕಡೆ ನಾನು. ನಿಮ್ ಎರಡೂ ಕೈ ಹಿಡ್ಕೊಂಡಿರ್ತೀವಿ, ಬಿಡಬಾರದು, ಆಯ್ತಾ?"

ಫೋನು ಕಟ್ಟಾಯಿತು.

ಒಳಗಿನಿಂದ ಪ್ರೇಮಾವತಿ ಬಂದರು. "ಹಾರಿತಂತಲ್ಲ! ದೇವರು ದೊಡ್ಡವನು," ಎನ್ನುತ್ತ ಡಬ್ಬಕ್ಕೆ ಪೆಟ್ಟಿಗೆಯಿಂದ ತೆಗೆದ ರೇಷ್ಮೆ ವಸ್ತ್ರ ಹೊದಿಸಿದರು. ಮೊದಲಿನದಕ್ಕಿಂತ ದಪ್ಪ ಹಾರ ಸುತ್ತಿದರು, ಕೈಮುಗಿದರು. ಅವರು ಕಣ್ಣು ತೆರೆದು ಒಂದೆರಡು ಮಾತಾಡಿರಬೇಕು, ಅಷ್ಟರಲ್ಲಿ ಪರದೆ ಗುಂಯ್ ಎಂದಿತು. ವಿಮಾನ ನಿಂತಿತು. ಈ ಸಲ ನೆಲದ ಮೇಲಲ್ಲ, ನಡು ಆಕಾಶದಲ್ಲಿ.

"ಮತ್ತ ನಿಂತಿತಲ್ಲೋ ತಮ್ಮಾ!" ಎಂದು ಕಾಶಪ್ಪ ವಯರಿಗೆ ಕೈ ಹಾಕಿದರು. ಶ್ರೀನಾಥ ಕುರ್ಚಿ ಎಳೆದುಕೊಂಡ.

ಸಂಕಪ್ಪ ಮೆಲ್ಲಗೆ ಕೈ ಚಾಚಿ ರೇಷ್ಮೆಯ ಮೇಲೆ ಇಟ್ಟರು. ಸುಡುತ್ತಿತ್ತು. ಹಾರವನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಬೆಳಗಿನಿಂದ ಆದದ್ದೆಲ್ಲ ಅರ್ಥವಾಯಿತು. ಆ ವಸ್ತ್ರ, ಆ ಹಾರ ತೆಗೆದು ಡಬ್ಬಕ್ಕೆ ಗಾಳಿಯಾಡಿಸಿದರೆ ಹಾರುತ್ತದೆ. ಆದರೆ ಪರದೆಯಲ್ಲಿ ಮೋಡವೊಂದು ಅಲುಗದೆ ನಿಂತಿತ್ತು. ರೆಕ್ಕೆ ಅಲುಗದೆ ನಿಂತಿತ್ತು. ಬೀಳುವ ಭಯವಿಲ್ಲ, ಇಳಿಸುವ ಗೊಡವೆಯಿಲ್ಲ. ಇಂಥ ವಿಮಾನವಾದರೆ ಅವರು ಊರಿಗೇನು, ಕಾಶಿಗೂ ಹೋದಾರು.

"ಯಾರೂ ಮುಟ್ಬೇಡಿ," ಎಂದರು. "ಇದು ಹೀಗೇ ಇರಲಿ."

ಕಿಟಕಿಯ ಗಾಜು ನಡುಗಿತು. ತಲೆಯ ಮೇಲೆ ನಿಜವಾದದ್ದೊಂದು ಗುಡುಗುತ್ತ ಏರಿತು. ಸಂಕಪ್ಪ ಕಿವಿಗೊಟ್ಟು ಕಾದರು.

ಅದು ನಿಲ್ಲಲಿಲ್ಲ.