ಹುಸಿ ಪಂಕ್ತಿ, ಖರೆ ಸಿಟ್ಟು

ಪಾಠ ಹೇಳುವವರಿಗೆ ಒಂದು ಕಾಯಿಲೆ ಇರುತ್ತದೆ. ತಾವು ಹೇಳಿದ್ದನ್ನು ತಾವೇ ನಂಬಿಬಿಡುವುದು. ಉಳಿದ ಕಸುಬಿನವರು ಈ ವಿಷಯದಲ್ಲಿ ಜಾಣರು. ಹೋಟೆಲಿನವರು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುತ್ತಾರೆ. ಜ್ಯೋತಿಷಿಗಳು ತಮ್ಮ ಮಗಳ ಜಾತಕವನ್ನು ಬೇರೆಯವರಿಗೆ ತೋರಿಸುತ್ತಾರೆ. ನಾವು ಮೇಷ್ಟ್ರುಗಳು ಮಾತ್ರ ತರಗತಿಯಲ್ಲಿ ಹೇಳಿದ್ದನ್ನು ಕಂಕುಳಲ್ಲಿ ಇಟ್ಟುಕೊಂಡೇ ಮನೆಗೆ ಬರುತ್ತೇವೆ. ಅದನ್ನು ಹೆಂಡತಿಯ ಮೇಲೆ, ಹೆಂಡತಿಯ ತವರಿನವರ ಮೇಲೆ ಪ್ರಯೋಗಿಸುತ್ತೇವೆ. ಹೆಂಡತಿಯ ತವರಿನವರು ಎಷ್ಟೆಂದರೂ ಮರ್ಯಾದಸ್ಥರು, ಅಳಿಯನಿಗೆ ಎದುರಾಡುವುದಿಲ್ಲ ಎಂಬ ಧೈರ್ಯ ಬೇರೆ.

ನಾನು ಬಳ್ಳಾರಿಯ ಒಂದು ಖಾಸಗಿ ಕಾಲೇಜಿನಲ್ಲಿ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಕಲಿಸುತ್ತೇನೆ. ಹೆಸರು ಕೇಳಿ ಅನೇಕರು ನನ್ನನ್ನು ಆಸ್ಪತ್ರೆಯವನು ಎಂದುಕೊಂಡಿದ್ದಾರೆ. ನಮ್ಮ ಓಣಿಯ ಒಬ್ಬ ಅಜ್ಜಿಯಂತೂ ಹರ್ನಿಯಾ ಆಪರೇಷನ್ನಿಗೆ ಎಷ್ಟು ದಿನ ಮಲಗಬೇಕು ಎಂದು ವಿಚಾರಿಸಿಕೊಂಡು ಹೋದಳು. ಹಾಗೇನೂ ಇಲ್ಲ. ಸಾಮಾನು ಒಳಗೆ ಬರಬೇಕು, ಅದಕ್ಕೆ ಏನೋ ಒಂದು ಆಗಬೇಕು, ಹೊತ್ತಿಗೆ ಸರಿಯಾಗಿ ಹೊರಗೆ ಹೋಗಬೇಕು, ಇಷ್ಟರ ನಡುವೆ ಯಾರೂ ಯಾರ ಮೇಲೂ ಕಿರುಚಬಾರದು. ಶಾಸ್ತ್ರವೆಂದರೆ ಇಷ್ಟೇ. ಇದನ್ನೇ ದಪ್ಪ ಪುಸ್ತಕ ಮಾಡಿದ್ದಾರೆ. ಆ ಪುಸ್ತಕದ ಕೊನೆಯಲ್ಲಿ ಸಿಮ್ಯುಲೇಶನ್ ಎಂಬ ಅಧ್ಯಾಯ ಬರುತ್ತದೆ. ನಿಜವಾದ ಫಜೀತಿ ಆಗುವ ಮೊದಲು ಒಂದು ಸುಳ್ಳು ಫಜೀತಿ ಮಾಡಿ ನೋಡುವ ವಿದ್ಯೆ ಅದು. ಬ್ಯಾಂಕಿನ ಕೌಂಟರಿಗೆ ಜನ ಯಾವಾಗ ಬರುತ್ತಾರೋ ಯಾರಿಗೆ ಗೊತ್ತು? ಅದಕ್ಕೆ ಚೀಟಿ ಎತ್ತುವುದು. ಚೀಟಿಯಲ್ಲಿ ಬಂದ ಹಾಗೆ ಗಿರಾಕಿ ಬಂದನೆಂದು ತಿಳಿಯುವುದು. ಸಾಲು ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಕಾಗದದ ಮೇಲೇ ನೋಡಿ, ಕೌಂಟರು ಹೆಚ್ಚಿಸುವುದು. ಜೀನ್ಸ್ ಹೊಲಿಸುವವರ ಮನೆಯ ಹುಡುಗಿಯೊಬ್ಬಳು ಒಮ್ಮೆ ಎದ್ದು, "ಸರ್, ಖರೆ ಖರೇನೇ ಮಾಡಿ ನೋಡಿದ್ರ ಆಗಂಗಿಲ್ಲೇನ್ರಿ?" ಎಂದು ಕೇಳಿದಳು. "ನಿಮ್ಮಪ್ಪ ಒಂದು ಲೋಡು ಪ್ಯಾಂಟಿಗೆ ಒಂದು ಕಾಲು ಗಿಡ್ಡ ಹೊಲಿಸಿ ನೋಡ್ತಾರೇನಮ್ಮಾ?" ಎಂದೆ. ಇಡೀ ತರಗತಿ ನಕ್ಕಿತು. ನನ್ನ ತಲೆ ತಿರುಗಲು ಅಷ್ಟು ಸಾಕಾಯಿತು.

ಅದೇ ಹೊತ್ತಿಗೆ ಸಿರುಗುಪ್ಪದಲ್ಲಿ ನನ್ನ ಹೆಂಡತಿ ಸುಮಂಗಲಾಳ ಅಕ್ಕನ ಮಗಳು ಪವಿತ್ರಾಳ ಮದುವೆ ಗೊತ್ತಾಯಿತು. ಅಕ್ಕನ ಹೆಸರು ಗಂಗಮ್ಮ. ಆಕೆಯ ಗಂಡ, ಅಂದರೆ ನನ್ನ ಷಡ್ಡಕ, ಎರ್ರಿಸ್ವಾಮಿ. ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಕ. ಗಿರಣಿಯ ಸದ್ದಿನಲ್ಲಿ ದುಡಿದು ದುಡಿದು ಆತ ಮನೆಯಲ್ಲಿ "ನೀರು ಕೊಡು" ಎಂದರೂ ಪಕ್ಕದ ಓಣಿಯವರು ನೀರು ತಂದುಕೊಡುವ ಹಾಗೆ ಕೂಗುತ್ತಾನೆ. ಬೀಗರು ಗಡಿಯಾಚೆಯ ಆದೋನಿಯವರು. ಅವರ ಕಡೆಯ ಮದುವೆಯೊಂದರಲ್ಲಿ ಸಾರು ತಡವಾಯಿತೆಂದು ಪಂಕ್ತಿಗೆ ಪಂಕ್ತಿಯೇ ಎದ್ದುಹೋಗಿತ್ತು ಎಂಬ ಸುದ್ದಿಯನ್ನು ಯಾರೋ ಪುಣ್ಯಾತ್ಮರು ಗಂಗಕ್ಕನ ಕಿವಿಗೆ ಹಾಕಿದ್ದರು. ಆಕೆಗೆ ಅಂದಿನಿಂದ ನಿದ್ದೆಯಿಲ್ಲ. "ಊಟದ್ದೊಂದು ಸುಸೂತ್ರ ಆದ್ರ ಸಾಕವ್ವಾ" ಎಂದು ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ನಾನು ಫೋನು ಕಸಿದುಕೊಂಡು, "ಅಕ್ಕಾ, ಊಟದ ಜವಾಬ್ದಾರಿ ನನಗ ಬಿಡ್ರಿ" ಎಂದುಬಿಟ್ಟೆ. ಸುಮಂಗಲಾ ಹಣೆ ಹಿಡಿದುಕೊಂಡಳು. ಅದು ಸಂತೋಷಕ್ಕೆಂದೇ ನಾನು ತಿಳಿದೆ.

ಮದುವೆ ಇನ್ನೊಂದು ವಾರ ಇದೆ ಎನ್ನುವಾಗ, ಭಾನುವಾರ ಮಧ್ಯಾಹ್ನ, ಎರ್ರಿಸ್ವಾಮಿಯ ಮನೆಯ ಪಡಸಾಲೆಯಲ್ಲಿ ನನ್ನ ಸಿಮ್ಯುಲೇಶನ್ ಏರ್ಪಾಡಾಯಿತು. ಎಲೆಗಳ ಬದಲು ಹಳೆಯ ಪೇಪರು ಹಾಸಿದೆ. ಖಾಲಿ ಬಕೆಟ್ಟು, ಖಾಲಿ ಸೌಟು. ಉಣ್ಣುವವರು ಏನೇನು ಕೇಳಬಹುದು ಎಂಬುದನ್ನೆಲ್ಲ ಚೀಟಿಗಳಲ್ಲಿ ಬರೆದು ಒಂದು ಚೊಂಬಿಗೆ ಹಾಕಿದೆ. ಕುಳಿತವರು ಒಂದೊಂದು ಚೀಟಿ ಎತ್ತಿ, ಅದರಲ್ಲಿದ್ದಂತೆ ನಡೆದುಕೊಳ್ಳಬೇಕು. ಬಡಿಸುವವರು ಎಲ್ಲಿ ತಡವರಿಸುತ್ತಾರೆ ಎಂದು ನಾನು ಕೈಕಟ್ಟಿ ನೋಡಬೇಕು. "ಸಣ್ಣ ಹುಡುಗ್ರು ಅಡಗಿ ಆಟ ಆಡ್ತಾರಲ್ಲ, ಹಂಗ?" ಎಂದಳು ಗಂಗಕ್ಕ. ಹಾಗಲ್ಲ, ಇದು ವಿಜ್ಞಾನ ಎಂದೆ.

ವಿಜ್ಞಾನ ಮೊದಲಿನಿಂದಲೇ ಹಾದಿ ತಪ್ಪಿತು. ಗಂಗಕ್ಕನಿಗೆ 'ಎರಡನೇ ಸಲ ಮಜ್ಜಿಗೆ ಕೇಳುವುದು' ಎಂಬ ಚೀಟಿ ಬಂತು. "ನಾನ್ಯಾಕ ಕೇಳ್ಲಿ? ನಮ್ಮ ಮನಿ ಮಜ್ಜಿಗಿ, ಬಂದೋರಿಗೆ ಸಾಲಬೇಕು" ಎಂದು ಆಕೆ ಕೇಳಲೇ ಇಲ್ಲ. ಪಕ್ಕದ ಮನೆಯ ಹುಲಿಗೆಮ್ಮನಿಗೆ 'ಏನೂ ಮಾತಾಡದೆ ಉಂಡು ಏಳುವುದು' ಬಂತು. ಹುಲಿಗೆಮ್ಮ ಬಾಯಿ ಮುಚ್ಚಿದ್ದನ್ನು ಸಿರುಗುಪ್ಪದಲ್ಲಿ ಯಾರೂ ನೋಡಿಲ್ಲ. ಖಾಲಿ ಪೇಪರು ನೋಡುತ್ತಲೇ, "ಪಲ್ಯಕ್ಕ ಕಾಯಿ ಕಡಿಮಿ ಬಿತ್ತು ನೋಡ್ರಿ" ಎಂದು ಶುರು ಮಾಡಿದಳು. ಮದುಮಗಳು ಪವಿತ್ರಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಪಂಕ್ತಿಯ ಕೊನೆಯಲ್ಲಿ ಕುಳಿತವನು ಪಂಪಾಪತಿ. ಗಂಗಕ್ಕ, ಸುಮಂಗಲಾ ಇಬ್ಬರಿಗೂ ಅವನೊಬ್ಬನೇ ತಮ್ಮ. ಕುರುಗೋಡಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಮೋಟಾರು ಸುಟ್ಟುಹೋದ ರೈತರ ಬೈಗುಳ ಕೇಳಿ ಕೇಳಿ ಅವನಿಗೆ ಸಿಟ್ಟು ಎಂಬುದು ಬತ್ತಿಹೋಗಿದೆ ಎಂದೇ ನಮ್ಮೆಲ್ಲರ ತಿಳಿವಳಿಕೆ. ಅಂಥವನಿಗೇ 'ಬಡಿಸಲಿಲ್ಲವೆಂದು ಸಿಟ್ಟಾಗಿ ಏಳುವುದು' ಎಂಬ ಚೀಟಿ ಬರಬೇಕೇ! ಅವನು ಎದ್ದು ನಿಂತು, "ಯಾಕ್ರಿ, ಇನ್ನೂ ಬಡಿಸಿಲ್ಲಲ್ರಿ" ಎಂದು ನಾಚಿಕೊಂಡ. "ಏನೋ ಪಂಪಾಪತಿ, ಸಾಲ್ಯಾಗ ಒಂದಕ್ಕ ಹೋಗಾಕ ಕೇಳಿದಂಗ ಕೇಳ್ತೀಯಲ್ಲ! ನಿನಗ ಅವಮಾನ ಆಗೈತಿ ಅಂತ ತಿಳ್ಕೋ. ಖರೇನ ಆಗೈತಿ ಅಂತ ನೆನಪು ಮಾಡ್ಕೋ" ಎಂದು ಹುರಿದುಂಬಿಸಿದೆ. ಬಕೆಟ್ಟು ಹಿಡಿದು ನಿಂತಿದ್ದ ಎರ್ರಿಸ್ವಾಮಿ ತನ್ನ ಗಿರಣಿ ಗಂಟಲಿನಲ್ಲಿ, "ಬರ್ತೈತಿ ಕುಂದ್ರೋ! ನೀನೇನು ಹೊರಗಿನವನಾ?" ಎಂದ.

ಪಂಪಾಪತಿಯ ಮುಖ ಬದಲಾಯಿತು. "ಇದ ಮಾತು ದೊಡ್ಡ ಬಾವ, ಇದ ಮಾತು! ಈ ಮನಿ ಗೃಹಪ್ರವೇಶದಾಗೂ ಇದನ್ನ ಅಂದ್ರಿ. ಹೊರಗಿನವನಾ, ಹೊರಗಿನವನಾ ಅಂತ ಎಲ್ಲಾರದೂ ಊಟ ಆಗೋತನ ನಿಲ್ಲಿಸಿದ್ರಿ. ಶಾಮಿಯಾನ ಬಿಚ್ಚೋರ ಜೋಡಿ ಕುಂತು ಉಂಡೆ ನಾನು. ಹೋಳಿಗಿ ಮುಗದಿತ್ತು. ನನ್ನ ಹೆಂಡ್ತಿ ಏನೂ ಉಣ್ಣದ ಬಸ್ ಹತ್ತಿದ್ಳು. ಒಬ್ಬರರ ಕೇಳಿದ್ರಾ?"

ನಾನು ಚಪ್ಪಾಳೆ ತಟ್ಟಿದೆ. ಹೌದು, ತಟ್ಟಿದೆ. "ಭಲೇ! ಹಿಂಗ ಬರಬೇಕು ನೋಡು!" ಎಂದೂ ಕೂಗಿದೆ. ಯಾರೂ ಜೊತೆಗೂಡಲಿಲ್ಲ. ಪಂಪಾಪತಿ ತನ್ನ ಮುಂದಿನ ಪೇಪರನ್ನು ನೀಟಾಗಿ ಮಡಚಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಬೈಕು ಹತ್ತಿ ಹೊರಟೇಹೋದ. ಅವನು ಓಣಿಯ ತಿರುವಿನಿಂದ ವಾಪಸು ಬರುತ್ತಾನೆಂದು ಕಾದೆವು. ಬರಲಿಲ್ಲ. ಎರ್ರಿಸ್ವಾಮಿ ಖಾಲಿ ಬಕೆಟ್ಟಿನ ಒಳಗೆ ನೋಡುತ್ತ, ತನ್ನ ಜನ್ಮದಲ್ಲೇ ಮೊದಲ ಸಲ ಮೆಲ್ಲಗೆ, "ನಾ ಏನಂದೆ ಈಗ?" ಎಂದ.

ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಇದು ಪುಸ್ತಕದಲ್ಲಿ ಇಲ್ಲದ ಕಾರಣ ನನಗೆ ತಡವಾಗಿ ಹೊಳೆಯಿತು. ಪವಿತ್ರಾಳ ನಗು ಎಲ್ಲೋ ಹೋಗಿತ್ತು. ಚಿಕ್ಕವಳಿದ್ದಾಗ ರಜೆಗೆ ಹೋದರೆ ಮೋಟಾರು ಅಂಗಡಿಯ ತಾಮ್ರದ ತಂತಿಯಲ್ಲಿ ಅವಳಿಗೆ ಬಳೆ, ಜುಮುಕಿ ಮಾಡಿಕೊಡುತ್ತಿದ್ದ ಮಾವ ಅವನು. "ಚಿಕ್ಕಪ್ಪಾ, ಮಾವ ಬರ್ಲಿಲ್ಲಂದ್ರ ನಾನು ಮಂಟಪಕ್ಕ ಕಾಲಿಡಂಗಿಲ್ಲ" ಎಂದಳು. ಜಗಳವಾಡುವ ದನಿಯಲ್ಲಿ ಅಂದಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆ. ಕಣ್ಣು ಒರೆಸಿಕೊಳ್ಳುತ್ತ ಅಂದಳು. ಗಂಗಕ್ಕ ಬಾಯಿಗೆ ಸೆರಗು ಹಚ್ಚಿ ಒಳಗೆ ಹೋದಳು. ಹುಲಿಗೆಮ್ಮ ಆಗ ಬಾಯಿ ಮುಚ್ಚಿಕೊಂಡಿದ್ದಳು.

ಫೋನು ಮಾಡಿದರೆ ಪಂಪಾಪತಿ ಎತ್ತಲಿಲ್ಲ. ಮರುದಿನ ಕಾಲೇಜಿಗೆ ರಜೆ ಹಾಕಿ ನಾನೂ ಸುಮಂಗಲಾಳೂ ಬಳ್ಳಾರಿಯಿಂದ ಕುರುಗೋಡಿನ ಬಸ್ಸು ಹತ್ತಿದೆವು. ಬಸ್ಸು ಕೊಳಗಲ್ಲು ದಾಟಿತು. ನನಗೆ ಚಡಪಡಿಕೆ. ಅಲ್ಲಿ ಹೋಗಿ ಏನು ಹೇಳುವುದು, ಅವನು ಏನು ಅನ್ನುತ್ತಾನೆ, ಅದಕ್ಕೆ ನಾನು ಏನು ಅನ್ನಬೇಕು? ಕಾಯಿಲೆ ಮತ್ತೆ ತಲೆ ಎತ್ತಿತು. "ಒಂದು ಸಲ ಮಾಡಿ ನೋಡಿಬಿಡೋಣ. ನೀನು ಪಂಪಾಪತಿ ಅಂತ ತಿಳ್ಕೋ. ನಾನು ಕ್ಷಮೆ ಕೇಳ್ತೀನಿ" ಎಂದೆ. "ಒಲ್ಲೆ. ನಿಮ್ಮ ಆಟ ಸಾಕು" ಎಂದಳು. ಬಿಡಲಿಲ್ಲ ನಾನು. "ನೋಡು ಪಂಪಾಪತಿ, ಆದದ್ದು ಆಗಿಹೋತು..." ಎಂದು ಶುರು ಮಾಡಿದೆ.

"ಹೆಂಗ ಆತು? ಯಾರಿಂದ ಆತು?" ಎಂದು ಪಂಪಾಪತಿ, ಅಂದರೆ ನನ್ನ ಹೆಂಡತಿ, ಒಮ್ಮೆಲೇ ತಿರುಗಿದಳು. "ನಿಮ್ಮ ಶಾಣ್ಯಾತನ ನಮ್ಮ ತವರಿನವರ ಮ್ಯಾಲೇ ಯಾಕ ಓಡ್ತೈತಿ? ನಿಮ್ಮಣ್ಣನ ಮಗನ ಮದುವ್ಯಾಗ ಯಾಕ ಚೀಟಿ ಬರೀಲಿಲ್ಲ? ಅಡಗಿ ಮನ್ಯಾಗ ಡಬ್ಬಿ ಎಲ್ಲಿಡಬೇಕು ಅಂತ ಗೆರಿ ಹೊಡದ್ರಿ, ಸುಮ್ಕಿದ್ದೆ. ನಾನು ದ್ವಾಸಿ ಹೊಯ್ಯಾಗ ಕೈಯಾಗ ಗಡಿಯಾರ ಹಿಡ್ಕೊಂಡು ನಿಂತ್ರಿ, ಸುಮ್ಕಿದ್ದೆ..." ಪಂಪಾಪತಿಗೆ ಈ ದೋಸೆಯ ವಿಷಯ ಗೊತ್ತಿರುವ ಸಂಭವವೇ ಇರಲಿಲ್ಲ. ಬಸ್ಸಿನವರೆಲ್ಲ ಕಿಟಕಿ ಬಿಟ್ಟು ನಮ್ಮ ಕಡೆ ನೋಡತೊಡಗಿದರು. ಮುಂದಿನ ಸೀಟಿನ ಮುದುಕಿ ಹಿಂದಕ್ಕೆ ಹೊರಳಿ, "ತಪ್ಪಾತು ಅಂದ್ಬಿಡ್ರಿ ಸಾರ್, ಊರು ಬಂತು" ಎಂದಳು. ತಪ್ಪಾತು ಎಂದೆ. ಯಾವುದಕ್ಕೆ ಎಂದು ಸುಮಂಗಲಾ ಕೇಳಲಿಲ್ಲ. ಎಲ್ಲಕ್ಕೂ ಸೇರಿಸಿ ಜಮಾ ಮಾಡಿಕೊಂಡಿರಬೇಕು.

ಅಂಗಡಿ ಹತ್ತಿರವಾಗುತ್ತಿದ್ದಂತೆ ಒಳಗಿನಿಂದ ಗಿರಣಿ ಗಂಟಲಿನ ನಗು ಕೇಳಿತು. ನೋಡಿದರೆ ಎರ್ರಿಸ್ವಾಮಿ! ನಮಗಿಂತ ಮೊದಲೇ ಸಿರುಗುಪ್ಪದಿಂದ ಬಂದು ಕುಳಿತಿದ್ದಾನೆ. ಗಂಗಕ್ಕ ಬೆಳಿಗ್ಗೆ ಎದ್ದು ಹೋಳಿಗೆ ಮಾಡಿ ಡಬ್ಬಿ ಕಟ್ಟಿಕೊಟ್ಟಿದ್ದಳಂತೆ. ಎರ್ರಿಸ್ವಾಮಿ ಅಂಗಡಿಗೆ ಬಂದವನೇ ಮೋಟಾರುಗಳ ನಡುವೆ ಜಾಗ ಮಾಡಿ, ಎಲೆ ಹಾಕಿ, ಪಂಪಾಪತಿಯನ್ನೂ ಅವನ ಹೆಂಡತಿಯನ್ನೂ ಕೂಡಿಸಿ, ತಾನೇ ಬಗ್ಗಿ ತುಪ್ಪ ಬಡಿಸಿದನಂತೆ. ಇದನ್ನೆಲ್ಲ ಪಂಪಾಪತಿಯ ಹೆಂಡತಿ ಸುಮಂಗಲಾಳನ್ನು ಪಕ್ಕಕ್ಕೆ ಕರೆದು ಹೇಳಿದಳು. ಗೃಹಪ್ರವೇಶದ ಸುದ್ದಿಯನ್ನು ಗಂಡಸರಿಬ್ಬರೂ ಎತ್ತಲಿಲ್ಲವಂತೆ. ಕೊನೆಗೆ ಪಂಪಾಪತಿ ಕೈ ತೊಳೆದುಕೊಂಡು, "ಪವಿತ್ರಾನ್ನ ಕರ್ಕೊಂಡು ಬರಾಕ ನಾನು ಬರ್ದ ಇರ್ತೀನೇನು ಬಾವ?" ಎಂದನಂತೆ, ಅಷ್ಟೇ.

ನನಗೆ ಸಮಾಧಾನವಾಯಿತು. ಸಮಾಧಾನವಾದ ಮರುಗಳಿಗೆಯೇ ಒಂದು ಸಿದ್ಧಾಂತವೂ ಹೊಳೆಯಿತು. ಅಲ್ಲ, ಸಿಮ್ಯುಲೇಶನ್ ಎಂದರೆ ಇದೇ ಅಲ್ಲವೇ? ಈ ಸಿಟ್ಟು ಮದುವೆಯ ದಿನ ಬೀಗರ ಎದುರಿಗೆ ಹೊರಬಿದ್ದಿದ್ದರೆ ಏನು ಗತಿಯಾಗುತ್ತಿತ್ತು? ಸುಳ್ಳು ಪಂಕ್ತಿಯಲ್ಲೇ ಹೊರಬಿತ್ತು, ಒಳ್ಳೆಯದೇ ಆಯಿತು. ಇದನ್ನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಎರ್ರಿಸ್ವಾಮಿ, "ನಮ್ಮಿಬ್ರದೇನೂ ತಪ್ಪಿಲ್ಲ ಅಂತ ಮಾತಾಡ್ಕೊಂಡಿವಿ ಮಾಸ್ತರ್ರ. ಎಲ್ಲಾ ನಿಮ್ಮ ಚೊಂಬಿನದು" ಎಂದ. "ಹೌದು ಸಣ್ಣ ಬಾವ, ನಿಮ್ದ" ಎಂದು ಪಂಪಾಪತಿ ತಲೆಯಾಡಿಸಿದ. ಇಬ್ಬರೂ ಇಷ್ಟು ಪ್ರೀತಿಯಿಂದ ಒಂದಾಗಿದ್ದನ್ನು ನಾನು ನೋಡಿರಲಿಲ್ಲ. ಅದನ್ನು ಕೆಡಿಸಲು ಮನಸ್ಸಾಗದೆ ಬಾಯಿ ಮುಚ್ಚಿದೆ. ಹೋಳಿಗೆ ಮುಗಿದಿತ್ತು.

ಮದುವೆಯ ದಿನ ನನ್ನನ್ನು ಊಟದ ಹಜಾರದಿಂದ ಆದಷ್ಟು ದೂರ, ಹೆಬ್ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಲ್ಲಿಸಿದರು. ಆದೋನಿಯವರು ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರಾಗಿ ಬರಲಿಲ್ಲ. ಒಂದೇ ಸಲಕ್ಕೆ ಸಂತೆಯ ಹಾಗೆ ಇಳಿದರು. ಕರೆಂಟು ಹೋಯಿತು. ಅನ್ನ ಸಾಲದೆ ಇನ್ನೊಂದು ಹಂಡೆ ಏರಿಸಿದರು. ಸಾರು ಪಾಯಸ ಆದ ಮೇಲೆ ಬಂತು. ಯಾರೂ ಏಳಲಿಲ್ಲ. ಹುಲಿಗೆಮ್ಮ ಪಂಕ್ತಿಯ ನಡುವೆ ನಿಂತು ಅರ್ಧ ತೆಲುಗಿನಲ್ಲಿ ಅವರ ಮನೆಯ ಸುದ್ದಿಯನ್ನೆಲ್ಲ ವಿಚಾರಿಸುತ್ತಿದ್ದಳು, ಅವರು ಹೇಳುತ್ತ ಕುಳಿತಿದ್ದರು. ಪಂಪಾಪತಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಪವಿತ್ರಾಳನ್ನು ಮಂಟಪಕ್ಕೆ ಕರೆತರುವಾಗ ಅವಳಿಗಿಂತ ಅವನೇ ಹೆಚ್ಚು ಅಳುತ್ತಿದ್ದ.

ಊಟ ಮುಗಿಸಿದ ಮದುಮಗನ ಚಿಕ್ಕಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ ಬಾಗಿಲಿಗೆ ಬಂದರು. ನಾನು ಇನ್ನೂ ಪನ್ನೀರುದಾನಿ ಹಿಡಿದು ನಿಂತಿದ್ದೆ. ತಾವು ಏನು ಕೆಲಸ ಮಾಡುತ್ತೀರಿ ಎಂದು ತೆಲುಗಿನಲ್ಲಿ ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು ಆಪರೇಷನ್ಸ್ ಎನ್ನುವಷ್ಟರಲ್ಲಿ, ಬಕೆಟ್ಟು ಹಿಡಿದು ಆ ಕಡೆಯೇ ಹೊರಟಿದ್ದ ಪಂಪಾಪತಿ, "ನಮ್ಮ ಬಾವ ಕಾಲೇಜಿನ್ಯಾಗ ಸುಳ್ಳ ಸುಳ್ಳ ಊಟ ಬಡಿಸೋದು ಕಲಿಸ್ತಾರ್ರಿ" ಎಂದು ಹೇಳಿ ಮುಂದೆ ಹೋದ.

ಆ ಹಿರಿಯರು ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ, ಕನ್ನಡದಲ್ಲೇ ಕೇಳಿದರು: "ನಮ್ಮ ಹುಡುಗ ಒಬ್ಬ ಎಲ್ಲಿನೂ ಪಾಸಾಗ್ಲಿಲ್ಲ ಸಾರ್. ಅದಕ್ಕಾದ್ರೂ ಸೀಟು ಸಿಗ್ತೈತಾ?"

ಈ ವರ್ಷ ನಮ್ಮ ಕಾಲೇಜಿನಲ್ಲಿ ಅರ್ಧಕ್ಕರ್ಧ ಬೆಂಚು ಖಾಲಿ. ಅವರ ಅಂಗೈಗೆ ಇನ್ನೊಂದಿಷ್ಟು ಪನ್ನೀರು ಚಿಮುಕಿಸಿ, "ಸಿಗ್ತೈತ್ರಿ" ಎಂದೆ.