ಚೀನಿ ಸರ್ವನಾಮ ಮತ್ತು ಚಕ್ಲಿ ಡಬ್ಬಿ

ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಕನ್ನಡ ಮಹಿಳಾ ಮಂಡಳಿಯಲ್ಲಿ ಭಾಷಣ ಮಾಡುವುದೇನು ಮಹಾ ಎಂದುಕೊಂಡಿದ್ದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಮಗಳು ಕಾಲೇಜಿನಲ್ಲಿ ಚೀನಿ ಕಲಿಯುತ್ತಾಳೆ. ವಿದುಷಿಯಾಗಲು ಇನ್ನೇನು ಬೇಕು! ವಿಷಯ: ‘ಚೀನಿ ಹಾಗೂ ಯುರೋಪಿನ ಭಾಷೆಗಳಲ್ಲಿ ಸರ್ವನಾಮ’.

“ಉಪ್ಪಿನಕಾಯಿ ಬಗ್ಗೆ ಮಾತಾಡಿದ್ರ ಆಗೂದಿಲ್ಲೇನು?” ಎಂದರು ನಮ್ಮ ಮನೆಯವರು. ಕ್ಷಮಿಸಿದೆ.

ಆರಂಭ ಭವ್ಯವಾಗಿತ್ತು. “ಇಂಗ್ಲಿಷಿನಲ್ಲಿ ಕರ್ತೃ ಇಲ್ಲದೆ ವಾಕ್ಯ ಮನೆ ಬಿಟ್ಟು ಹೊರಡುವುದಿಲ್ಲ. ಮಳೆ ಬಂದರೂ ಮುಂದೊಂದು ‘ಇಟ್’ ಬೇಕು! ಸ್ಪೇನಿನವರು ‘ನಾನು, ನೀನು’ ಬಿಟ್ಟರೂ ನಮ್ಮ ಹಾಗೆ ಕ್ರಿಯಾಪದದ ಬಾಲದಲ್ಲಿ ಗುರುತು ಉಳಿಸುತ್ತಾರೆ. ಚೀನಿಯಲ್ಲಿ ಆ ಬಾಲವೂ ಇಲ್ಲ. ಅವನು, ಅವಳು ಎರಡೂ ಬಾಯಲ್ಲಿ ‘ತಾ’. ಯಾರೆಂದು ಗೊತ್ತಾಗುವಂತಿದ್ದರೆ ಅದನ್ನೂ ಬಿಡುತ್ತಾರೆ. ಕೇಳುವವರು ತಾವೇ ತಿಳಿದುಕೊಳ್ಳುತ್ತಾರೆ!”

ಅಧ್ಯಕ್ಷೆ ಶಾರದಕ್ಕ ತಲೆದೂಗಿದರು. ಅವರು ಮನಸ್ಸು ಮಾಡಿದರೆ ಮಂಡಳಿಯ ಕಾರ್ಯದರ್ಶಿ ಹುದ್ದೆ ನನ್ನದೇ. ಹುರುಪು ಬಂದು, ಚೀನಿ ಮಾದರಿಯಲ್ಲೊಂದು ಕನ್ನಡ ಉದಾಹರಣೆ ಕೊಟ್ಟೆ.

“ಡಬ್ಬಿ ಒಯ್ಯೋದು. ವಾಪಸ್ ಕೊಡದಿರೋದು. ಎದುರು ಸಿಕ್ಕರೆ ನಗೋದು.”

ಶಾರದಕ್ಕ ಎದ್ದರು. “ಯಾರಿಗ್ರೀ ಅನ್ನಾಕತ್ತೀರಿ? ನಿಮ್ಮ ಡಬ್ಬಿ ನಮ್ಮ ಮನ್ಯಾಗ ಐತಿ, ಖರೆ. ಖಾಲಿ ಡಬ್ಬಿ ಹೆಂಗ ಕೊಡೋದಂತ ಇಟ್ಕೊಂಡೀನಿ!”

“ನಿಮಗಲ್ಲ ಅಕ್ಕಾರ, ಇದು ವ್ಯಾಕರಣ...”

“ಹಂಗಾರ ನನಗ ಅಂದಿರೇನು?” ಎಂದರು ಹಿಂದಿನ ಸಾಲಿನ ಪದ್ಮಾ. ಅವರ ಪಕ್ಕದವರು ಆಗಲೇ ನೆಲ ನೋಡುತ್ತಿದ್ದರು. ಒಂದು ವಾಕ್ಯಕ್ಕೆ ಇಡೀ ಮಂಡಳಿಯೇ ಕರ್ತೃ!

ಸಂಜೆ ಡಬ್ಬಿಗಳು ಬರತೊಡಗಿದವು. ಒಂದರಲ್ಲಿ ಶೇಂಗಾ ಚಟ್ನಿ, ಇನ್ನೊಂದರಲ್ಲಿ ಅವಲಕ್ಕಿ. ಕೊನೆಗೆ ಶಾರದಕ್ಕನೇ ಬಿಸಿ ಚಕ್ಲಿ ತುಂಬಿಸಿಕೊಂಡು ಬಂದರು. ಮುಖವೂ ಬಿಸಿ. ಆದರೂ ಚಹಾಕ್ಕೆ ಕೂತರು. ಹುದ್ದೆ ಇನ್ನೂ ಉಳಿದಿದೆ ಎಂದುಕೊಂಡೆ.

ಬಂದ ಡಬ್ಬಿಗಳಿಗೆ ಜಾಗ ಮಾಡಲು ನಮ್ಮ ಮನೆಯವರು ಅಟ್ಟದ ಮೇಲಿನ ಹಳೆಯ ಡಬ್ಬಿಗಳನ್ನು ಇಳಿಸಿದರು. ಸ್ಟೀಲಿನ ಮೇಲೆ ಕೊರೆಸಿದ ಹೆಸರುಗಳನ್ನು ಗಟ್ಟಿಯಾಗಿ ಓದಿದರು: “ಪದ್ಮಾ... ವಿಮಲಾ... ಇದ್ಯಾರು? ಶಾರದಾ!”

“ನಂದು!” ಶಾರದಕ್ಕ ಕಪ್ಪು ಕೆಳಗಿಟ್ಟರು. “ಎರಡು ದೀಪಾವಳಿಯಿಂದ ಹುಡುಕಾಕತ್ತೀನಿ!”

“ಖಾಲಿ ಹೆಂಗ ಕೊಡೋದಂತ...” ಎಂದೆ.

“ಹೌದಲ್ರೀ? ಕಾರ್ಯದರ್ಶಿ ಪದ್ಮಾ ಆಗ್ಲಿ. ನಿಮಗ ಡಬ್ಬಿ ತುಂಬೂ ಕೆಲಸಾನ ಭಾಳ ಐತಿ.”

ಈಗ ನಮ್ಮ ಮನೆಯ ದಿನಚರಿ ಶುದ್ಧ ಚೀನಿ ಶೈಲಿಯಲ್ಲಿದೆ. ಚಕ್ಲಿ ಕರಿಯೋದು. ಮನೆಮನೆಗೆ ಡಬ್ಬಿ ಮುಟ್ಟಿಸೋದು. ಎದುರು ಸಿಕ್ಕವರಿಗೆ ನಗೋದು.

ಕರ್ತೃ ಯಾರೆಂದು ಮಲ್ಕಾಜ್‌ಗಿರಿಯಲ್ಲಿ ಎಲ್ಲರಿಗೂ ಗೊತ್ತು!