ಕಿಸೆಯಲ್ಲಿ ತಂದ ಓಟು

ಐವತ್ತೆರಡರ ಚುನಾವಣೆಯ ಮಾತು ಇದು. ನಾಲ್ಕು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ನಮ್ಮ ಮಸ್ಕಿಗೆ ಓಟು ಕೇಳಲು ಬಂದವರಲ್ಲಿ ಯಾರಿಗಾದರೂ ನಾಚಿಕೆ ಇತ್ತೇ ಎಂದು ಕೇಳಿದರೆ, ಇತ್ತು. ಅವರ ಬಂಡಿಯ ಎತ್ತುಗಳಿಗೆ ಇತ್ತು. ಅವು ತಲೆ ತಗ್ಗಿಸಿಕೊಂಡೇ ಬಂದವು.

ಛತ್ರಿ ಗುರುತಿನ ಬಸವಂತರಾಯ, ತಾನು ಮುಟ್ಟದ ಕೋಳಿಯನ್ನು ರಜಾಕಾರರಿಗಾಗಿ ಕೊಯ್ಯಿಸಿ ಬಡಿಸಿದ ಮನುಷ್ಯ. ನಿಜಾಮನ ರಾಜ್ಯ ಬಿದ್ದ ನಾಲ್ಕನೆಯ ದಿನಕ್ಕೆ ಬಿಳಿ ಟೋಪಿ ಹಾಕಿಕೊಂಡು ಝಂಡಾ ಏರಿಸಿದ. (ಟೋಪಿಯ ಅಳತೆ ಹದಿನೈದು ದಿನ ಮೊದಲೇ ಕೊಟ್ಟಿದ್ದನೆಂದು ದರ್ಜಿ ಹೇಳುತ್ತಾನೆ.) ಕಂದೀಲು ಗುರುತಿನ ಅಮರಗುಂಡಪ್ಪ, ನಿಜಾಮನ ವಿರುದ್ಧ ನಾವು ಗಡಿಯಾಚೆ ಹೂಡಿದ್ದ ಶಿಬಿರದಲ್ಲಿ ನನ್ನ ಜೊತೆಗೇ ಇದ್ದವನು. ನಾವು ಸುಂಕದ ನಾಕಾ ಸುಡಲು ಹೊರಟಾಗ ಅವನಿಗೆ ಹೊಟ್ಟೆನೋವು. ಸುಟ್ಟು ಬಂದು ಫೋಟೋಕ್ಕೆ ನಿಂತಾಗ ಅವನೇ ನಡುವೆ. ಈಗ ಆ ಫೋಟೋ ಹಿಡಿದು ಮನೆಮನೆ ತಿರುಗುತ್ತಿದ್ದ. ಅದರಲ್ಲಿ ನನ್ನದು ಒಂದು ಕಿವಿ ಮಾತ್ರ ಕಾಣುತ್ತಿತ್ತು.

ಇನ್ನು ಪತ್ರಿಕೆಗಳು. ಮಸ್ತಾನಸಾಬನ ಚಹಾದ ಹೋಟೆಲಿಗೆ ಎರಡು ಬರುತ್ತಿದ್ದವು, ಬಸ್ಸಿನಲ್ಲಿ, ಎರಡು ದಿನ ತಡವಾಗಿ. ಸುಳ್ಳು ಹಳಸಿ ಬರುತ್ತಿತ್ತು ಎನ್ನಿ. ಲಿಂಗಸುಗೂರಿನ ಛತ್ರಿ ಸಭೆಗೆ ನಾನೇ ಹೋಗಿದ್ದೆ. ಮುನ್ನೂರು ಜನ, ಅದರಲ್ಲಿ ನೂರು ಜನ ಸಂತೆಗೆ ಬಂದವರು. ಒಂದು ಪತ್ರಿಕೆ ‘ಮೂವತ್ತು ಸಾವಿರದ ಜನಸಾಗರ’ ಎಂದು ಬರೆಯಿತು. ಇನ್ನೊಂದು ‘ಖಾಲಿ ಮೈದಾನಕ್ಕೆ ಭಾಷಣ’ ಎಂದಿತು. ಸಿಂಧನೂರಿನ ಕಡೆ ಕಾಲುವೆ ಬರುವುದು ತನ್ನ ನಾಯಕನಿಂದಲೇ ಎಂದು ಎರಡೂ ಬರೆದವು. ಬುಟ್ಟಿ ಹೊತ್ತು ಮಣ್ಣು ಸುರಿಯುವ ಹೆಂಗಸರ ಬಗ್ಗೆ ಎರಡರಲ್ಲೂ ಅಕ್ಷರವಿಲ್ಲ. ಓದಿ ಓದಿ ನನ್ನ ರಕ್ತ ಕುದಿದು, ಆ ಕುದಿಯನ್ನು ಮನೆಗೆ ತಂದು ನನ್ನ ಧರ್ಮಪತ್ನಿ ಗುರುಲಿಂಗಮ್ಮನ ಮುಂದೆ ಸುರಿದೆ.

“ಇಬ್ಬರೂ ಕಳ್ಳರು. ನನ್ನ ಓಟು ಯಾರಿಗೂ ಇಲ್ಲ.”

“ಹಂಗಾರ ಮನ್ಯಾಗ ಕುಂದರ್ರಿ. ಹಿತ್ತಲ ಬೇಲಿ ಬಿದ್ದೈತಿ, ಕಟ್ರಿ.”

“ಮನ್ಯಾಗ ಕುಂತ್ರ ಸೋಮಾರಿ ಅಂತ ಬರಕೋತಾರ. ಸಿಟ್ಟಿಗೆದ್ದಂವ ಯಾರು, ಸೋಮಾರಿ ಯಾರು ಅಂತ ಸರಕಾರಕ್ಕ ಹ್ಯಾಂಗ ಗೊತ್ತಾಗಬೇಕು?”

“ಬೇಲಿಗೆ ಗೊತ್ತಾಗತೈತಿ.”

ಇಂಥ ಹೆಂಡತಿಯ ಜೊತೆ ರಾಜಕಾರಣ ಮಾತನಾಡುವುದಕ್ಕಿಂತ ಲಾಠಿಯೇಟು ಮೇಲು. ಆದರೆ ಅಲ್ಲಿಯೇ ನನಗೊಂದು ಮಹಾ ಉಪಾಯ ಹೊಳೆಯಿತು. ಆ ಚುನಾವಣೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಗುರುತು. ಕೈಗೆ ರೂಪಾಯಿ ನೋಟಿನಷ್ಟು ಚೀಟಿ ಕೊಡುತ್ತಾರೆ. ಪರದೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಯಲ್ಲಿ ಹಾಕಬೇಕು. ನಾನು ಹೋಗುವುದು, ಯಾವ ಪೆಟ್ಟಿಗೆಗೂ ಹಾಕದೆ ಚೀಟಿಯನ್ನು ಕಿಸೆಯಲ್ಲಿ ತರುವುದು, ಗಾಜಿನ ಕಟ್ಟು ಹಾಕಿಸಿ ಬಾಗಿಲ ಮೇಲೆ ಹೊಡೆಯುವುದು. ಮುಂದೆ ಓಟು ಕೇಳಲು ಬಂದವನು ಅದಕ್ಕೆ ತಲೆ ಬಾಗಿಯೇ ಒಳಗೆ ಬರಬೇಕು. (ನಮ್ಮ ಬಾಗಿಲು ಗಿಡ್ಡ. ಹೇಗೂ ಬಾಗಲೇಬೇಕು.)

ಓಟಿನ ದಿನ ಬೆಳಿಗ್ಗೆ ಹಾಗೆಯೇ ಮಾಡಿದೆ. ಚೀಟಿ ಎರಡು ಕೊಟ್ಟರು. ದಿಲ್ಲಿಯ ಸಭೆಗೆಂದು ಕೊಟ್ಟ ಚೀಟಿಯನ್ನು ಯಾವನೋ ಪರಿಚಯವಿಲ್ಲದವನಿಗೆ ಹಾಕಿದೆ. ಅವನ ಮೇಲೆ ಸಿಟ್ಟಾಗಲು ನನಗೆ ಇನ್ನೂ ಪುರುಸೊತ್ತು ಸಿಕ್ಕಿರಲಿಲ್ಲ. ಛತ್ರಿ, ಕಂದೀಲು ಎರಡೂ ನಿಂತಿದ್ದ ಹೈದರಾಬಾದಿನ ಸಭೆಯ ಚೀಟಿ ಕಿಸೆ ಸೇರಿತು. ಮನೆಗೆ ಬಂದು ಅದನ್ನು ಗುರುಲಿಂಗಮ್ಮನಿಗೆ ತೋರಿಸಿ, ಮತ್ತೆ ಕಿಸೆಯಲ್ಲಿಟ್ಟು, ಬೆವೆತ ಅಂಗಿಯನ್ನು ಗೂಟಕ್ಕೆ ಹಾಕಿ, ಬೇರೆ ಅಂಗಿ ತೊಟ್ಟು ಹೋಟೆಲಿಗೆ ಹೋದೆ. ಹೋಟೆಲಿನಲ್ಲಿ ಡಂಗುರ ಸಾರಿದೆ.

ಕಂದೀಲಿನ ಏಜೆಂಟ ಕರಿಬಸಯ್ಯ ಬಸಿಗೆ ಸುರಿದುಕೊಂಡ ಚಹಾ ಕೆಳಗಿಟ್ಟ. “ಖರೇನ ಮನಿಗೆ ತಂದೀರೇನ್ರಿ?”

“ಖರೇನ. ಕಿಸೆದಾಗ ಐತಿ.”

ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ. ನನ್ನ ತ್ಯಾಗಕ್ಕೆ ಅವನ ಗಂಟಲು ಕಟ್ಟಿತೆಂದು ನಾನು ತಿಳಿದೆ.

ಮೂರು ಗಂಟೆಗೆ ಪೊಲೀಸ್ ಮುದುಕಪ್ಪ ಮನೆಗೆ ಬಂದ. “ಸೂಗಪ್ಪನವರ, ಚೀಟಿ ಹೊರಗ ತರೂದು ಗುನ್ಹೆ ಆಗತೈತಿ. ಕರಿಬಸಯ್ಯನ ತಕರಾರು ಬಂದೈತಿ. ಚೀಟಿ ಕೊಡ್ರಿ, ಠಾಣೇಕ ನಡೀರಿ.”

ನನಗೆ ಒಳಗೊಳಗೇ ಹಿಗ್ಗು. ನಿಜಾಮನ ಜೈಲು ಕಂಡವನಿಗೆ ಸ್ವರಾಜ್ಯದ ಜೈಲನ್ನೂ ನೋಡುವ ಯೋಗ. ಎದೆ ಉಬ್ಬಿಸಿ ಗೂಟದ ಅಂಗಿಗೆ ಕೈ ಹಾಕಿದೆ. ಕಿಸೆಯಲ್ಲಿ ತಂಬಾಕಿನ ಎಲೆ ಇತ್ತು, ಅಡಿಕೆ ಚೂರು ಇತ್ತು. ಚೀಟಿ ಇರಲಿಲ್ಲ.

ಅಷ್ಟರಲ್ಲಿ ಗುರುಲಿಂಗಮ್ಮ ಪಕ್ಕದ ಮನೆಯ ಜಮೀಲಾಬೀಯ ಜೊತೆ ಓಟು ಹಾಕಿ ಬಂದಳು. ಬೆರಳಿನ ಮಸಿ ಇನ್ನೂ ಹಸಿ. ಪೊಲೀಸನನ್ನು ನೋಡಿದಳು, ನನ್ನ ಕೈಯಲ್ಲಿದ್ದ ಅಂಗಿಯನ್ನು ನೋಡಿದಳು.

“ಚೀಟಿ ಪೆಟಿಗ್ಯಾಗ ಬಿದ್ದೈತಿ, ಮುದುಕಪ್ಪ,” ಎಂದಳು.

ನಾನು ಬಾಯಿ ತೆರೆದೆ. ಅವಳು ನನ್ನ ಕಾಲು ತುಳಿದಳು.

“ಇವರು ಹೋಟ್ಲದಾಗ ಹಂಗ ಬಡಾಯಿ ಕೊಚ್ಚತಾರ. ಮುಂಜಾನಿ ಹಾಕೇ ಬಂದಾರ.”

“ಹಂಗಂತ ಬರದು ಸಹಿ ಮಾಡ್ಲಿ, ನಾ ಹೋಗತೀನಿ,” ಎಂದ ಮುದುಕಪ್ಪ.

ಅವಳ ಮುಖ ನೋಡಿ ನನಗೆ ಎಲ್ಲ ತಿಳಿಯಿತು. ನಿಜ ಹೇಳಿದರೆ ಠಾಣೆಗೆ ಹೋಗುವವಳು ಅವಳು. ರಜಾಕಾರರ ಬಂದೂಕಿನ ಮುಂದೆ ಸುಳ್ಳು ಹೇಳದ ನಾನು, ನನ್ನ ಕೈಯಾರೆ ಬರೆದೆ: ‘ಚೀಟಿಯನ್ನು ಪೆಟ್ಟಿಗೆಯಲ್ಲಿ ಹಾಕಿರುತ್ತೇನೆ. ಹೋಟೆಲಿನಲ್ಲಿ ಹೇಳಿದ್ದು ಸುಳ್ಳು.’

ಅವನು ಹೋದ ಮೇಲೆ ಹಲ್ಲು ಕಚ್ಚಿ ಕೇಳಿದೆ. “ಯಾವ ಪೆಟಿಗಿ?”

“ನಂದೂ ನಿಮ್ದೂ ಎರಡೂ ಛತ್ರಿಗೆ.”

“ಲೇ, ಆ ರಜಾಕಾರರ ಎಂಜಲಾ ಬಳದಂವಗ?”

“ಅವಗ ಯಾರು ಹಾಕ್ಯಾರ? ಅವನ ಹೇಣ್ತಿ ಕಸ್ತೂರೆಮ್ಮಗ ಹಾಕೀನಿ. ನೀವು ಶಿಬಿರ, ಜೈಲು ಅಂತ ಹೋದಾಗ ಹನ್ನೊಂದು ತಿಂಗಳು ಈ ಮನ್ಯಾಗ ಒಲಿ ಹ್ಯಾಂಗ ಹತ್ತಿತು ಅಂತ ಒಂದಿನಾರ ಕೇಳೀರೇನು? ಗಂಡಗ ಗೊತ್ತಾಗಲಾರದಂಗ ಹಿತ್ತಲಾಗ ಜೋಳ ತಂದು ಇಟ್ಟಾಕಿ ಆಕಿ.”

“ಅಮರಗುಂಡಪ್ಪ ತಿಂಗಳಾ ತಿಂಗಳಾ ಶಿಬಿರದ ಜೋಳ ನಿನಗ ಕಳಿಸೀನಿ ಅಂತಿದ್ದ.”

“ಕಳಿಸ್ಯಾನ. ತನ್ನ ಮನಿಗೆ.”

ನಾನು ಅಂಗಿಯನ್ನು ಗೂಟಕ್ಕೆ ಹಾಕಿದೆ. ಅದು ಬಿತ್ತು. ಮತ್ತೆ ಹಾಕಿದೆ.

“ಪೆಟಿಗಿ ಮ್ಯಾಲ ಆಕಿ ಹೆಸರು ಇರಲಿಲ್ಲ, ಛತ್ರಿ ಇತ್ತು. ಅದಕ್ಕ ಹಾಕಿದೆ,” ಎಂದಳು.

“ನಿಂದೊಂದು ಹಾಕಿದ್ರ ಸಾಲತಿರಲಿಲ್ಲೇನು? ನಂದ್ಯಾಕ ಒಯ್ದಿ?”

“ನೀವು ಜೈಲಿಂದ ಬಂದು ಎರಡು ತಿಂಗಳು ತಿಂದದ್ದೂ ಅದೇ ಜೋಳಾ.”

ಬಸವಂತರಾಯ ಗೆದ್ದ. ನಮ್ಮ ಎರಡೂ ಓಟು ಛತ್ರಿಗೆ ಬಿದ್ದ ಸುದ್ದಿಯನ್ನು ಗುರುಲಿಂಗಮ್ಮ ಕಸ್ತೂರೆಮ್ಮನಿಗೆ ಮುಟ್ಟಿಸಿದ್ದಳು. ಜೋಳದ ಮಾತು ಬಿಟ್ಟು ಉಳಿದದ್ದನ್ನು ಕಸ್ತೂರೆಮ್ಮ ಗಂಡನಿಗೆ ಹೇಳಿದ್ದಳು. ಮೆರವಣಿಗೆ ನೆಟ್ಟಗೆ ನಮ್ಮ ಮನೆಯ ಮುಂದೆ ನಿಂತಿತು.

“ಸೂಗಪ್ಪನವರು ಮೊದಲಿಂದ್ಲೂ ನಮ್ಮವರ,” ಎಂದು ಬಸವಂತರಾಯ ತನ್ನ ಕೊರಳಿನ ಹಾರ ತೆಗೆದು ನನಗೆ ಹಾಕಿದ. ಅದು ಅವನ ಬೆವರಿನಿಂದ ಬೆಚ್ಚಗಿತ್ತು. ಬಾಗಿಲ ಹಿಂದೆ ಬಳೆಯ ಸದ್ದಾಯಿತು. ನಾನು ಕೊರಳು ಕೊಟ್ಟು ನಿಂತೆ.

ಕನ್ನಡಕದವನೊಬ್ಬ ಪೆನ್ಸಿಲ್ ಹಿಡಿದು ಮುಂದೆ ಬಂದ. ‘ಮೂವತ್ತು ಸಾವಿರ’ ಬರೆದ ಪತ್ರಿಕೆಯವನಂತೆ.

“ಇಷ್ಟು ದಿನಾ ಬೈದು, ಈಗ ಛತ್ರಿಗೆ ಯಾಕ ಹಾಕಿದ್ರಿ? ನಿಮ್ಮ ಬಾಯಿಲೇನ ಹೇಳ್ರಿ, ಇದ್ದದ್ದು ಇದ್ದಂಗ ಬರೀತೀವಿ.”

ಓಣಿಯೇ ಕಿವಿಯಾಗಿ ನಿಂತಿತ್ತು. ಬಾಗಿಲ ಹಿಂದಿನ ಬಳೆ ಮತ್ತೊಮ್ಮೆ ಸದ್ದು ಮಾಡಿತು.

“ಇದ್ದದ್ದು ಬ್ಯಾಡ್ರಿ,” ಎಂದೆ. “ನೀವು ದಿನಾ ಹ್ಯಾಂಗ ಬರೀತೀರೋ ಹಂಗ ಬರೀರಿ.”